ಮುಯ್ಯಾಳು ಲೆಕ್ಕ

ನಮ್ಮೂರ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು. ಈಗಲೂ ಅಲ್ಲಲ್ಲಿ ಇದೆ. ರಾಗಿ ಕೊಯ್ಲಿಗೆ ಇವತ್ತು ನಿಮ್ಮ ಮನೆಯ ಇಬ್ಬರು ನಮ್ಮ ಹೊಲಕ್ಕೆ ಬಂದರೆ, ನಾಳೆಯೋ ನಾಡಿದ್ದೋ ನಮ್ಮ ಮನೆಯ ಇಬ್ಬರು ನಿಮ್ಮ ಹೊಲಕ್ಕೆ ಹೋಗಬೇಕು. ದುಡ್ಡಿನ ಮಾತಿಲ್ಲ. ಥ್ಯಾಂಕ್ಸ್ ಅನ್ನೋದಂತೂ ಇಲ್ಲವೇ ಇಲ್ಲ. ಬಂದವರು ಉಪಕಾರ ಮಾಡ್ತಿದ್ದೀವಿ ಅಂದ್ಕೊಳ್ಳಲ್ಲ, ಕರೆದವರು ಹಂಗಿಗೆ ಬಿದ್ವಿ ಅಂದ್ಕೊಳ್ಳಲ್ಲ. ಜಗಳದಲ್ಲಿ ಮುಯ್ಯಿಗೆ ಮುಯ್ಯಿ ಅಂತೀವಲ್ಲ, ಅದೇ ಮುಯ್ಯಿ ಇಲ್ಲಿ ಒಳ್ಳೇ ಅರ್ಥದಲ್ಲಿ ಕೆಲಸ ಮಾಡುತ್ತೆ.

ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಗಂಡ ಇಲ್ಲ, ಮಕ್ಕಳಿಲ್ಲ, ಸೊಂಟ ಬಗ್ಗಿ ಹೋಗಿತ್ತು. ಅರ್ಧ ಎಕರೆ ರಾಗಿ ಹೊಲ. ಅವಳ ಹೊಲಕ್ಕೂ ಮುಯ್ಯಾಳು ಹೋಗುತ್ತಿದ್ದರು. ಬದಲಿಗೆ ಅವಳು ಕುಡುಗೋಲು ಹಿಡಿದು ಬರೋಕಾಗಲ್ಲ, ಹಾಗಾಗಿ ಬೇರೆಯವರ ಕೊಯ್ಲಿನ ದಿನ ಆ ಮನೆಯ ಕೂಸುಗಳನ್ನ ನೋಡಿಕೊಳ್ಳುತ್ತಿದ್ದಳು. ಒಂದು ವರ್ಷ ನಮ್ಮಮ್ಮ ಕನಿಕರದಿಂದ "ನೀನ್ ಬರೋದ್ ಬ್ಯಾಡ ಬುಡಜ್ಜಿ, ಸುಮ್ನೆ ಮನೇಲಿರು" ಅಂದಳಂತೆ. ಅಜ್ಜಿ "ಹಂಗಾರೆ ನಮ್ಮ ಹೊಲಕ್ಕೂ ನೀವ್ ಬರಬ್ಯಾಡಿ" ಅಂದು ಬಾಗಿಲು ಹಾಕಿಕೊಂಡಳು. ಅದು ಮುದುಕಿಯ ಹಠ ಅಂತ ಬಹಳ ವರ್ಷ ಅಂದ್ಕೊಂಡಿದ್ದೆ. ಅವಳು ಹೇಳಿದ್ದು ಏನು ಅಂತ ನನಗೆ ಅರ್ಥ ಆಗಿದ್ದು ನಮ್ಮ ಚಿಕ್ಕಪ್ಪನ ಕಣ್ಣು ಹೋದ ಮೇಲೆ.

ಚಿಕ್ಕಪ್ಪನಿಗೆ ಚಿಕ್ಕಂದಿನಿಂದ ಇರುಳುಗಣ್ಣು. ಸಂಜೆ ಆದ ಮೇಲೆ ಸೈಕಲ್ ತುಳಿಯುತ್ತಿರಲಿಲ್ಲ. ಮನೇಲಿ ಯಾರೂ ಅದನ್ನ ಕಾಯಿಲೆ ಅಂತ ಎಣಿಸಿರಲಿಲ್ಲ, "ಅವನಿಗೆ ಕತ್ತಲಲ್ಲಿ ಅಷ್ಟು ಕಾಣಲ್ಲ" ಅನ್ನೋದು ಅವನ ಗುಣದ ತರ ಆಗಿಹೋಗಿತ್ತು. ಮೂವತ್ತೈದು ದಾಟಿದ ಮೇಲೆ ಹಗಲಲ್ಲೂ ಪಕ್ಕದಲ್ಲಿ ನಿಂತವರಿಗೆ ಡಿಕ್ಕಿ ಹೊಡೆಯೋಕೆ ಶುರು ಮಾಡಿದ. ಎದುರಿಗಿರೋ ಪೇಪರ್ ಓದುತ್ತಾನೆ, ಕಾಲ ಬುಡದಲ್ಲಿರೋ ಬಿಂದಿಗೆ ಎಡವುತ್ತಾನೆ. ಊರಲ್ಲಿ ಕುಡಿಯೋಕೆ ಕಲಿತಿದ್ದಾನೆ ಅಂತ ಸುದ್ದಿ ಆಯ್ತು.

ನಲವತ್ತೊಂದನೇ ವಯಸ್ಸಲ್ಲಿ ಬೆಂಗಳೂರಿಗೆ ಕರ್ಕೊಂಡು ಬಂದು ತೋರಿಸಿದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಅಂದರು. ಕಣ್ಣಿನ ಹಿಂಭಾಗದ ಪರದೆಯಲ್ಲಿರುವ ಬೆಳಕು ಹಿಡಿಯುವ ಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುವ ವಂಶವಾಹಿ ಕಾಯಿಲೆ. ಮೊದಲು ರಾತ್ರಿ ದೃಷ್ಟಿ ಹೋಗುತ್ತೆ, ಆಮೇಲೆ ಅಂಚುಗಳು. ಕೊನೆಗೆ ಕೊಳವೆಯೊಳಗಿಂದ ನೋಡಿದ ಹಾಗೆ ಮಧ್ಯದ ಒಂದು ಚೂರು ಉಳಿಯುತ್ತೆ, ಎಷ್ಟೋ ಜನರಿಗೆ ಅದೂ ಉಳಿಯಲ್ಲ. ನಮ್ಮ ಅಜ್ಜ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನ. ಇಬ್ಬರಲ್ಲೂ ಅದೇ ಕೆಟ್ಟ ಜೀನ್ ಅಡಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನಮ್ಮಪ್ಪ ತಪ್ಪಿಸಿಕೊಂಡ, ಚಿಕ್ಕಪ್ಪನಿಗೆ ಬಂತು.

ಡಾಕ್ಟರ್ ಕೆಟ್ಟವರೇನಲ್ಲ. ಹೊರಗೆ ಎಂಬತ್ತು ಜನ ಕಾಯ್ತಿದ್ದರು. ಇದಕ್ಕೆ ಈಗ ಔಷಧಿ ಇಲ್ಲ, ಆರು ತಿಂಗಳಿಗೊಮ್ಮೆ ಬನ್ನಿ, ಸರ್ಟಿಫಿಕೇಟ್ ಮಾಡಿಸಿಕೊಳ್ಳಿ ಅಂತ ಹೇಳಿ ಮುಂದಿನ ಹೆಸರು ಕರೆದರು. ಕಾರಿಡಾರ್‌ನಲ್ಲಿ ಚಿಕ್ಕಪ್ಪ ನನ್ನ ತೋಳು ಹಿಡ್ಕೊಂಡು ಕೇಳಿದ: "ಹಂಗಾರೆ ನಾನಿನ್ನು ಏನ್ ಮಾಡ್ಬೇಕ್ಲಾ?"

ಆ ಪ್ರಶ್ನೆ ಚಿಕಿತ್ಸೆ ಬಗ್ಗೆ ಅಲ್ಲ ಅಂತ ನನಗೆ ಗೊತ್ತಿತ್ತು. ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಅವನು ಕೇಳ್ತಿದ್ದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದವರು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಸಾಮಾನು ಕೊಂಡೆ. ಒಳ್ಳೇ ಆಂಡ್ರಾಯ್ಡ್ ಫೋನ್, ಅದರಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿಕೊಟ್ಟೆ. ಆನ್‌ಲೈನ್‌ನಲ್ಲಿ ಮಡಚುವ ಬಿಳಿ ಕೋಲು. ಮಾತಾಡುವ ಗಡಿಯಾರ. ತಿಂಗಳು ತಿಂಗಳು ದುಡ್ಡು. ಫೋನ್ ಬೀರು ಸೇರಿತು, ಕೋಲು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಲ್ಪಟ್ಟಿತು.

ಮನೆಯವರು ಇನ್ನೂ ಹೆಚ್ಚು ಪ್ರೀತಿಯಿಂದ ಇನ್ನೂ ಹೆಚ್ಚು ಮಾಡಿದರು. ಚಿಕ್ಕಮ್ಮ ಹಾಲು ಕರೆಯೋದನ್ನ ತಾನೇ ತಗೊಂಡಳು. ನಮ್ಮಪ್ಪ ತೋಟದ ಲೆಕ್ಕ ತಗೊಂಡ. ತೆಂಗಿನಕಾಯಿ ಸುಲಿಯೋಕೆ ಕೂತರೆ "ಕೈ ಗಾಯ ಮಾಡ್ಕೋತೀಯ" ಅಂತ ಕಿತ್ತುಕೊಂಡರು. ತಟ್ಟೆ ಎದುರಿಗೆ ಬರ್ತಿತ್ತು, ಕೈಗೆ ನೀರು ಬರ್ತಿತ್ತು. ಎರಡು ವರ್ಷದಲ್ಲಿ ಅವನ ಕಣ್ಣಿನ ಮಧ್ಯದ ಚೂರು ಇನ್ನೂ ಉಳಿದಿತ್ತು, ಆದರೆ ಮನೆಯಲ್ಲಿ ಅವನಿಂದ ಆಗಬೇಕಾದ್ದು ಅಂತ ಒಂದು ಕೆಲಸವೂ ಉಳಿದಿರಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ಫೋನ್ ಮಾಡಿದರೆ "ಹೂಂ, ಚೆನ್ನಾಗಿದೀನಿ" ಅನ್ನುತ್ತಿದ್ದ. ಅವನು ಚೆನ್ನಾಗಿಲ್ಲ ಅಂತ ಗೊತ್ತಿತ್ತು. ಇಷ್ಟೆಲ್ಲ ಮಾಡಿದರೂ ಯಾಕೆ ಅನ್ನೋದು ಮಾತ್ರ ಗೊತ್ತಾಗ್ತಿರಲಿಲ್ಲ. ಒಳಗೊಳಗೇ ನನಗೆ ಸಿಟ್ಟೂ ಬರ್ತಿತ್ತು, ಒಪ್ಪಿಕೊಳ್ಳಬೇಕು.

ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು, "ಅವರನ್ನ ಅವರಂಥವರ ಜೊತೆ ಮಾತಾಡ್ಸು, ನೀನು ಮಾತಾಡಿದ್ದು ಸಾಕು" ಅಂದಳು. ಗದಗ ಕಡೆಯ ಒಬ್ಬ ಪ್ರೈಮರಿ ಶಾಲೆ ಮಾಸ್ತರರ ನಂಬರ್ ಕೊಟ್ಟಳು. ಅದೇ ಕಾಯಿಲೆ, ಹದಿನೆಂಟು ವರ್ಷದಿಂದ ಪೂರ್ತಿ ಕಾಣಲ್ಲ, ದಿನಾ ಬಸ್ಸಲ್ಲಿ ಶಾಲೆಗೆ ಹೋಗಿ ಬರ್ತಾರೆ. ನಾನು ಊರಿಗೆ ಹೋದಾಗ ಫೋನ್ ಹಚ್ಚಿ ಸ್ಪೀಕರ್ ಆನ್ ಮಾಡಿ ಪಕ್ಕದಲ್ಲೇ ಕೂತೆ.

ಸಮಾಧಾನ ಹೇಳ್ತಾರೆ, ಧೈರ್ಯ ತುಂಬ್ತಾರೆ ಅಂದ್ಕೊಂಡಿದ್ದೆ. ಮಾಸ್ತರರ ಮೊದಲ ಪ್ರಶ್ನೆ: "ಬ್ರಶ್ ಮ್ಯಾಲ ಪೇಸ್ಟ್ ಹೆಂಗ ಹಾಕ್ಕೋತೀರಿ?"

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಹೆಂಡ್ತಿ ಹಾಕ್ಕೊಡ್ತಾಳೆ" ಅಂದ.

"ಬ್ರಶ್ ಮ್ಯಾಲ ಹಾಕೂದ ಬ್ಯಾಡ್ರಿ. ಪೇಸ್ಟ್ ಸೀದಾ ಬಾಯಾಗ ಹಿಂಡಿಕೊಳ್ರಿ, ಆಮ್ಯಾಲೆ ಬ್ರಶ್ ಇಟ್ಟ ಉಜ್ಜಿಕೊಳ್ರಿ. ಯಾರ ಮನಿಗೆ ಹೋದ್ರೂ ಯಾರನ್ನೂ ಕೇಳೂದು ಬೀಳಂಗಿಲ್ಲ."

ಚಿಕ್ಕಪ್ಪ ನಕ್ಕ. ಎರಡು ವರ್ಷದಲ್ಲಿ ನಾನು ಕೇಳಿದ ಅವನ ಮೊದಲ ನಗು. ಆಮೇಲೆ ನೋಟಿನ ವಿಷಯ ಬಂತು. ಹೊಸ ನೂರು, ಇನ್ನೂರು, ಐನೂರರ ನೋಟುಗಳ ಅಗಲ ಒಂದೇ, ಉದ್ದದಲ್ಲಿ ಒಂದಕ್ಕಿಂತ ಒಂದು ನಾಲ್ಕೇ ಮಿಲಿಮೀಟರ್ ಹೆಚ್ಚು. ಬೆರಳಿಗೆ ಅದು ಸುಲಭಕ್ಕೆ ಸಿಗಲ್ಲ. ಹಾಗಾಗಿ ಕೈಗೆ ಬಂದ ತಕ್ಷಣ ಯಾರನ್ನಾದರೂ ಕೇಳಿ ಖಾತ್ರಿ ಮಾಡಿಕೊಂಡು, ಒಂದೊಂದು ನೋಟನ್ನ ಒಂದೊಂದು ತರ ಮಡಚಿ ಇಟ್ಟುಕೊಳ್ಳಬೇಕು. ಇದನ್ನ ಹೇಳುತ್ತಾ ಮಾಸ್ತರರು ತಾನು ಸಂತೆಯಲ್ಲಿ ಬದನೆಕಾಯಿಗೆ ಐನೂರು ಕೊಟ್ಟು ನೂರು ಅಂದ್ಕೊಂಡು ಬಂದ ಕತೆ ಹೇಳಿದರು. ಐವತ್ತು ನಿಮಿಷ ಹೀಗೇ ನಡೀತು.

ಕೊನೆಯಲ್ಲಿ ಚಿಕ್ಕಪ್ಪ ದನಿ ತಗ್ಗಿಸಿ ಕೇಳಿದ: "ಮೇಷ್ಟ್ರೇ, ಒಂದ್ ಮಾತು. ಗೋಡೆ ಮೇಲೆ ನನಗೆ ಏನೇನೋ ಕಾಣ್ತದೆ. ಬಣ್ಣದ ರಂಗೋಲಿ, ಸಣ್ಣ ಸಣ್ಣ ಜನ ಸಾಲಾಗಿ ಹೋದಂಗೆ. ಇಲ್ಲ ಅಂತ ಗೊತ್ತು, ಆದ್ರೂ ಕಾಣ್ತದೆ."

ನಾನು ಬೆಚ್ಚಿಬಿದ್ದೆ. ಮಾಸ್ತರರು ಮಾತ್ರ ಬಸ್ ಟೈಮ್ ಹೇಳಿದಷ್ಟು ಸಲೀಸಾಗಿ "ಬರ್ತಾವ್ರಿ. ನನಗೂ ಬರ್ತಿದ್ವು. ನನಗ ಕುದುರಿ ಕಾಣ್ತಿದ್ವು. ಹುಚ್ಚಲ್ಲ ಅದು, ಅಂಜಬ್ಯಾಡ್ರಿ. ಮುಂದಿನ ಸಲ ಹೋದಾಗ ಡಾಕ್ಟರಿಗೂ ಒಂದ್ ಮಾತ ಹೇಳ್ರಿ" ಅಂದರು.

ಆಮೇಲೆ ಓದಿ ತಿಳ್ಕೊಂಡೆ. ಇದಕ್ಕೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅಂತಾರೆ. ಜಿನೀವಾದ ಆ ವಿಜ್ಞಾನಿ, ಪೊರೆಯಿಂದ ದೃಷ್ಟಿ ಹೋಗಿದ್ದ ತನ್ನ ಅಜ್ಜನಿಗೆ ಇಲ್ಲದ ಜನ, ಹಕ್ಕಿ, ಕಟ್ಟಡಗಳು ಕಾಣುತ್ತಿದ್ದುದನ್ನ 1760ರಲ್ಲೇ ಬರೆದಿಟ್ಟಿದ್ದ. ಕಣ್ಣಿಂದ ಸುದ್ದಿ ಬರೋದು ನಿಂತಾಗ ಮಿದುಳು ತಾನೇ ಚಿತ್ರ ಮಾಡಿಕೊಳ್ಳುತ್ತೆ. ಬುದ್ಧಿ ನೆಟ್ಟಗಿರುವವರಿಗೇ ಬರುತ್ತೆ. ಆದರೆ ಎಷ್ಟೋ ಜನ ಯಾರಿಗೂ ಹೇಳಲ್ಲ, ಹುಚ್ಚು ಅಂದಾರು ಅನ್ನೋ ಭಯ. ನಮ್ಮೂರಲ್ಲಾದರೆ ದೆವ್ವ ಮೆಟ್ಟಿದೆ ಅಂತ ಬೇವಿನ ಸೊಪ್ಪು ತಗೊಂಡು ಬರೋರು. ಒಂದು ವರ್ಷದಿಂದ ಚಿಕ್ಕಪ್ಪ ಆ ಭಯ ಇಟ್ಟುಕೊಂಡು ಆ ಜಗುಲಿ ಮೇಲೆ ಕೂತಿದ್ದ. ಪಕ್ಕದಲ್ಲಿ ಮಲಗೋ ಚಿಕ್ಕಮ್ಮನಿಗೆ ಹೇಳಿರಲಿಲ್ಲ, ವಾರಕ್ಕೆರಡು ಸಲ ಫೋನ್ ಮಾಡುವ ನನಗೆ ಹೇಳಿರಲಿಲ್ಲ. ಐವತ್ತು ನಿಮಿಷದ ಹಿಂದೆ ಪರಿಚಯವಾದ, ಮುಖವನ್ನೇ ನೋಡದ ಒಬ್ಬರಿಗೆ ಹೇಳಿದ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಂತೋಷಕ್ಕಿಂತ ಹೆಚ್ಚಾಗಿ ಸೋತೆ ಅನ್ನಿಸಿತ್ತು. ಇಷ್ಟು ಪ್ರೀತಿಸುವ ನಮ್ಮಲ್ಲಿ ಇಲ್ಲದ್ದು ಆ ಮನುಷ್ಯನಲ್ಲಿ ಏನಿತ್ತು?

ಇದಕ್ಕೆ ಪಿಯರ್ ಸಪೋರ್ಟ್ ಅಂತಾರೆ. ಸಮಾನದುಃಖಿಗಳ ನೆರವು ಅಂತ ಕನ್ನಡದಲ್ಲಿ ಹೇಳಬಹುದೇನೋ. ಮೊದಲ ಉತ್ತರ ನಮ್ಮ ಸಾಫ್ಟ್‌ವೇರ್ ಮಂದಿಗೆ ಬೇಗ ಅರ್ಥ ಆಗುತ್ತೆ. ರಾತ್ರಿ ಎರಡು ಗಂಟೆಗೆ ಬಿಲ್ಡ್ ಒಡೆದಾಗ ನಮಗೆ ಬೇಕಾದ್ದು ಪ್ರೊಫೆಸರ್ ಅಲ್ಲ, "ಈ ಎರರ್ ನನಗೂ ಬಂದಿತ್ತು, ನಾನು ಹೀಗೆ ಮಾಡಿದೆ" ಅಂತ ಎಲ್ಲೋ ಬರೆದಿಟ್ಟಿರುವ ಒಬ್ಬ ಅಪರಿಚಿತ. ನಾನು ಚಿಕ್ಕಪ್ಪನಿಗೆ ಹೇಳ್ತಿದ್ದ ಸಮಾಧಾನವೆಲ್ಲ "ನನ್ನ ಮಷೀನಲ್ಲಿ ಸರಿಯಾಗಿ ಓಡ್ತಿದೆಯಲ್ಲ" ಅಂದ ಹಾಗೆ.

ಇತಿಹಾಸದಲ್ಲೂ ಇದು ಮತ್ತೆ ಮತ್ತೆ ಕಾಣುತ್ತೆ. ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಪ್ಯಾರಿಸ್ ಹತ್ತಿರದ ಒಂದು ಹಳ್ಳಿಯಲ್ಲಿ. ಕುದುರೆ ಸರಂಜಾಮು ಹೊಲಿಯುತ್ತಿದ್ದ ಅಪ್ಪನ ಅಂಗಡಿಯಲ್ಲಿ ಮೂರನೇ ವಯಸ್ಸಲ್ಲಿ ಕಣ್ಣಿಗೆ ದಬ್ಬಳ ಚುಚ್ಚಿಕೊಂಡು ಕ್ರಮೇಣ ಎರಡೂ ಕಣ್ಣು ಕಳ್ಕೊಂಡ. ಅವನು ಸೇರಿದ ಪ್ಯಾರಿಸ್‌ನ ಅಂಧರ ಶಾಲೆಯಲ್ಲಿ ಪುಸ್ತಕಗಳು ಇದ್ದವು. ಮಾಮೂಲಿ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿ ಅಚ್ಚು ಹಾಕಿದ ಪುಸ್ತಕಗಳು. ಮಾಡಿದವರು ಕಣ್ಣಿದ್ದವರು, ಒಳ್ಳೇ ಮನಸ್ಸಿಂದಲೇ ಮಾಡಿದ್ದು. ಅವು ಕಣ್ಣಿಗೆ ಚಂದ ಕಾಣುತ್ತಿದ್ದವು, ಬೆರಳಿಗೆ ಮಾತ್ರ ಒಂದೊಂದು ಅಕ್ಷರವೂ ಬೆಟ್ಟ. ಆ ಪುಸ್ತಕ ನಿಧಾನಕ್ಕೆ ಓದಬಹುದಿತ್ತು, ತಾನು ಕೂತು ಬರೆಯೋಕಂತೂ ಆಗ್ತಿರಲಿಲ್ಲ. ಚಾರ್ಲ್ಸ್ ಬಾರ್ಬಿಯೆ ಅನ್ನೋ ಸೈನ್ಯಾಧಿಕಾರಿ ಹನ್ನೆರಡು ಚುಕ್ಕಿಗಳ ಒಂದು ಲಿಪಿ ತಂದ. ಅದೂ ಬೆರಳ ತುದಿಗಿಂತ ದೊಡ್ಡದಾಯ್ತು. ಅದನ್ನ ಆರು ಚುಕ್ಕಿಗೆ ಇಳಿಸಿ, ಒಂದೇ ಸ್ಪರ್ಶಕ್ಕೆ ಒಂದು ಅಕ್ಷರ ಸಿಗುವ ಹಾಗೆ ಮಾಡಿದ್ದು ಹದಿನೈದರ ಬ್ರೈಲ್, 1824ರಲ್ಲಿ. ಜೊತೆಯ ಹುಡುಗರು ಅದನ್ನ ಒಬ್ಬರಿಂದ ಒಬ್ಬರು ಕಲಿತರು. ಆ ಶಾಲೆ ಅಧಿಕೃತವಾಗಿ ಒಪ್ಪಿಕೊಂಡಿದ್ದು 1854ರಲ್ಲಿ, ಅಷ್ಟೊತ್ತಿಗೆ ಬ್ರೈಲ್ ಸತ್ತು ಎರಡು ವರ್ಷ ಆಗಿತ್ತು.

ನಮ್ಮ ಕಾಲದ ಕತೆಯೂ ಹಾಗೇ. ಕಂಪ್ಯೂಟರ್ ಪರದೆಯನ್ನ ಓದಿ ಹೇಳುವ ಸಾಫ್ಟ್‌ವೇರ್‌ಗಳಿಗೆ ಕಂಪ್ಯೂಟರ್‌ಗಿಂತ ಹೆಚ್ಚು ದುಡ್ಡು ಕೊಡಬೇಕಿದ್ದ ಕಾಲದಲ್ಲಿ, 2006ರಲ್ಲಿ, ಆಸ್ಟ್ರೇಲಿಯಾದ ಮೈಕೆಲ್ ಕರನ್ ಅನ್ನೋ ಕಣ್ಣು ಕಾಣದ ಯುವಕ ಎನ್‌ವಿಡಿಎ ಬರೆಯೋಕೆ ಶುರು ಮಾಡಿದ. ಜೊತೆಗೆ ಸೇರಿದ ಜೇಮ್ಸ್ ಟೆ ಕೂಡ ಅಂಧ, ಇಬ್ಬರೂ ಚಿಕ್ಕಂದಿನಲ್ಲಿ ಒಂದು ಸಂಗೀತ ಶಿಬಿರದಲ್ಲಿ ಗೆಳೆಯರಾದವರು. ಓಪನ್ ಸೋರ್ಸ್, ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತೆ. ಬಳಸುವವರೇ ಬಗ್ ಹಿಡಿಯುತ್ತಾರೆ, ಬಳಸುವವರೇ ಸರಿ ಮಾಡುತ್ತಾರೆ, ಬಳಸುವವರೇ ಹೊಸಬರಿಗೆ ಕಲಿಸುತ್ತಾರೆ.

ಅನುಭವಿಸಿದವರಿಗೆ ಹೆಚ್ಚು ಗೊತ್ತಿರುತ್ತೆ ಅನ್ನೋದು ಇಷ್ಟರಿಂದ ತಿಳಿಯುತ್ತೆ. ಆದರೆ ಬರೀ ಮಾಹಿತಿಯ ವಿಷಯವಾಗಿದ್ದರೆ ಆ ಪೇಸ್ಟ್ ಉಪಾಯವನ್ನ ನಾನೇ ಎಲ್ಲಾದರೂ ಓದಿ ಹೇಳಬಹುದಿತ್ತು. ನಾನು ಹೇಳಿದ್ದರೆ ಚಿಕ್ಕಪ್ಪ ನಗುತ್ತಿರಲಿಲ್ಲ ಅಂತ ಗ್ಯಾರಂಟಿ. ಹಾಗಾದರೆ ಇನ್ನೇನೋ ಇದೆ.

ಅದು ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಮಾಸ್ತರರು ಒಂದು ದಿನ ಚಿಕ್ಕಪ್ಪನಿಗೆ ಫೋನ್ ಮಾಡಿ, "ನಮ್ಮ ಹಿತ್ತಲದಾಗ ಎರಡ್ ತೆಂಗು ಹಚ್ಚೀನ್ರಿ, ಗರಿ ಹಳದಿ ಆಗ್ಯಾವಂತ, ಏನ್ ಮಾಡ್ಲಿ?" ಅಂತ ಕೇಳಿದರಂತೆ. ಚಿಕ್ಕಪ್ಪ ಅರ್ಧ ಗಂಟೆ ತೆಂಗಿನ ಪಾಠ ಮಾಡಿದ. ಬುಡದ ಸುತ್ತ ಪಾತಿ ಎಷ್ಟು ದೂರಕ್ಕೆ, ಗೊಬ್ಬರ ಯಾವಾಗ, ನೀರು ನಿಂತರೆ ಏನಾಗುತ್ತೆ. ಆ ಸಂಜೆ ಅವನೇ ನನಗೆ ಫೋನ್ ಮಾಡಿದ, ಅವನಾಗಿ ಮಾಡಿ ಎಷ್ಟೋ ಕಾಲ ಆಗಿತ್ತು. "ಮೇಷ್ಟ್ರಿಗೆ ತೆಂಗಿನ್ ಬಗ್ಗೆ ಏನೂ ಗೊತ್ತಿಲ್ಲ ಕಣ್ಲಾ" ಅಂದ. ದನಿಯಲ್ಲಿ ಎಂಥಾ ಖುಷಿ!

ಆಗ ನನಗೆ ಆ ಕೊನೇ ಮನೆ ಅಜ್ಜಿ ನೆನಪಾದಳು. ನಾವು ಚಿಕ್ಕಪ್ಪನಿಗೆ ಎಲ್ಲ ಕೊಟ್ಟಿದ್ದೆವು, ಅವನಿಂದ ಏನೂ ತಗೊಂಡಿರಲಿಲ್ಲ. ಪ್ರತಿಯೊಂದು ತಟ್ಟೆ, ಪ್ರತಿಯೊಂದು ಲೋಟ ನೀರು ಅವನ ಲೆಕ್ಕಕ್ಕೆ ಸಾಲವಾಗಿ ಏರುತ್ತಾ ಹೋಗಿತ್ತು, ತೀರಿಸುವ ದಾರಿಯನ್ನ ನಾವೇ ಮುಚ್ಚಿದ್ದೆವು. ಪ್ರೀತಿಯೇ ಆಗಿದ್ದರೂ ತೀರಿಸಲಾಗದ ನೆರವು ಹಂಗಾಗುತ್ತೆ. ಹಂಗಿನಲ್ಲಿರುವವನು ಮನಸ್ಸು ಬಿಚ್ಚಿ ಮಾತಾಡಲ್ಲ, ಯಾಕಂದರೆ ಅವನ ಕಷ್ಟವೂ ಇನ್ನೊಂದು ಬೇಡಿಕೆಯಾಗಿ ಕೇಳಿಸೀತು ಅನ್ನೋ ಅಂಜಿಕೆ. ಮಾಸ್ತರರ ಜೊತೆ ಅವನು ಮುಯ್ಯಾಳು. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ.

ಇದನ್ನ ಪಂಡಿತರೂ ಗಮನಿಸಿದ್ದಾರೆ. 1965ರಲ್ಲಿ ಫ್ರಾಂಕ್ ರೀಸ್‌ಮನ್ ಎಂಬ ಅಮೆರಿಕದ ವಿದ್ವಾಂಸ ಇದಕ್ಕೊಂದು ಸೂತ್ರ ಕೊಟ್ಟ: ಇಂಥ ಗುಂಪುಗಳಲ್ಲಿ ನೆರವು ಪಡೆದವನಿಗಿಂತ ಹೆಚ್ಚಿನ ಲಾಭ ಎಷ್ಟೋ ಸಲ ನೆರವು ಕೊಟ್ಟವನಿಗೇ ಆಗುತ್ತೆ. 1935ರಲ್ಲಿ ಕುಡಿತ ಬಿಡಬೇಕೆಂದವರ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದೂ ಇದೇ ಅನುಭವದಿಂದ. ಇನ್ನೊಬ್ಬ ಕುಡುಕನ ಜೊತೆ ಕೂತು ಮಾತಾಡಿದಾಗ ತನ್ನ ಬಾಯಾರಿಕೆ ಹಿಂದೆ ಸರಿಯಿತು ಅಂತ ಅದರ ಸ್ಥಾಪಕರಲ್ಲೊಬ್ಬ ಕಂಡುಕೊಂಡಿದ್ದ.

ನಮ್ಮಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಇದೆ, ಅದೂ ಮಾಸ್ತರರ ಗದಗಿನಲ್ಲೇ. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತ ಕಣ್ಣಿಲ್ಲದ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಅವರು ಕಣ್ಣಿಲ್ಲದ ಪುಟ್ಟರಾಜರಿಗೆ ಕಲಿಸಿದರು. 1944ರಲ್ಲಿ ಗುರು ತೀರಿಕೊಂಡ ಮೇಲೆ ವೀರೇಶ್ವರ ಪುಣ್ಯಾಶ್ರಮದ ಭಾರ ಹೊತ್ತ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ ಹಾಕಿ ಸಂಗೀತ ಕಲಿಸಿದರು. ಅಲ್ಲಿ ಕಲಿತ ಹುಡುಗನ ಮುಂದೆ, ನಾಳೆ ನಾನೂ ಕಲಿಸುವವನಾಗಬಹುದು ಅನ್ನೋದಕ್ಕೆ ಸಾಕ್ಷಿಯಾಗಿ ಗುರುವೇ ಕೂತಿರುತ್ತಿದ್ದರು. ಬೆಂಗಳೂರಿನ ಮಿತ್ರಜ್ಯೋತಿಯನ್ನ 1990ರಲ್ಲಿ ಕಟ್ಟಿದ ಮಧು ಸಿಂಘಾಲ್ ಅವರಿಗೂ ಕಣ್ಣು ಕಾಣುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಚಿತ್ರ ನನ್ನ ಫೋನಲ್ಲೇ ಇದೆ. ಬಿ ಮೈ ಐಸ್ ಅನ್ನೋ ಆಪ್ ನೋಡಿರಬಹುದು. ಸ್ವತಃ ದೃಷ್ಟಿ ಕಳ್ಕೊಳ್ಳುತ್ತಿದ್ದ ಡೆನ್ಮಾರ್ಕಿನ ಒಬ್ಬ ಪೀಠೋಪಕರಣ ಕುಶಲಕರ್ಮಿಯ ಕಲ್ಪನೆ, 2015ರಲ್ಲಿ ಬಂತು. ಕಾಣದವರು ವಿಡಿಯೋ ಕಾಲ್ ಮಾಡಿ ಈ ಡಬ್ಬಿಯಲ್ಲೇನಿದೆ, ಹಾಲಿನ ತಾರೀಖು ಮುಗಿದಿದೆಯಾ ಅಂತ ಕೇಳಬಹುದು. ಒಳ್ಳೇ ಆಪ್, ನಾನೂ ಸ್ವಯಂಸೇವಕನಾಗಿ ಸೇರಿದ್ದೇನೆ. ಕಾಲ್ ಬರೋದು ಬಲು ಅಪರೂಪ. ಯಾಕಂದರೆ ಅಲ್ಲಿ ನೆರವು ಬೇಕಾದವರಿಗಿಂತ ನೆರವು ಕೊಡಲು ಕಾಯುತ್ತಿರುವವರು ಹಲವು ಪಟ್ಟು ಹೆಚ್ಚು. ಜಗತ್ತಿನಲ್ಲಿ ಒಳ್ಳೇತನಕ್ಕೆ ಬರ ಇಲ್ಲ ಅಂತ ಇದರಿಂದ ಗೊತ್ತಾಗುತ್ತೆ, ಸಮಾಧಾನದ ಸಂಗತಿ. ಆದರೆ ಇನ್ನೊಂದನ್ನೂ ಗಮನಿಸಿ. ಕೊಡುವ ಜಾಗದಲ್ಲಿ ನಿಲ್ಲೋಕೆ ನಮಗೆಲ್ಲ ಎಷ್ಟು ಆಸೆ! ಆ ಜಾಗದ ಸುಖ ಗೊತ್ತಿರೋದಕ್ಕೇ ಅಲ್ಲವಾ ಕ್ಯೂ ಅಷ್ಟುದ್ದ ಇರೋದು? ಆ ಸುಖ ಕಣ್ಣಿಲ್ಲದವನಿಗೂ ಬೇಕು ಅಂತ ಮಾತ್ರ ನಮಗೆ ಹೊಳೆಯಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಪೂರ್ತಿ ಸತ್ಯ ಹೇಳಿದ ಹಾಗಾಗಲ್ಲ. ಒಂದು ಕಹಿ ಘಟನೆಯೂ ಇದೆ.

ಮಾಸ್ತರರ ಮಾತು ಕೇಳಿ ಚಿಕ್ಕಪ್ಪ ಸೂರಿನಿಂದ ಕೋಲು ಇಳಿಸಿಕೊಂಡ. ಹಾಲಿನ ಡೈರಿಗೆ ಒಬ್ಬನೇ ಹೋಗಿ ಬರುತ್ತೀನಿ ಅಂದ. ಹತ್ತು ದಿನ ಹೋಗಿ ಬಂದ. ಹನ್ನೊಂದನೇ ದಿನ ನೀರಿನ ಪೈಪ್ ಹಾಕೋಕೆ ರಾತ್ರೋರಾತ್ರಿ ತೋಡಿದ್ದ ಗುಂಡಿಗೆ ಬಿದ್ದು ಮಣಿಕಟ್ಟು ಮುರಿದುಕೊಂಡ. ಮನೆಯಲ್ಲಿ ಅಳು, ಬೈಗುಳ. ನಾನು ನೇರ ಮಾಸ್ತರರಿಗೆ ಫೋನ್ ಮಾಡಿ ಕೂಗಾಡಿದೆ. "ನಿಮ್ಮ ಮಾತು ಕೇಳಿ ಹೀಗಾಯ್ತು ಸರ್, ನಿಮಗೇನು, ಫೋನಲ್ಲಿ ಹೇಳಿಬಿಡ್ತೀರಿ" ಅಂದೆ.

ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ತಪ್ಪು ನಂದೂ ಐತ್ರಿ. ನಿಮ್ಮೂರ ದಾರಿ ನನಗ ಗೊತ್ತಿಲ್ಲ. ಕೋಲು ಹಿಡಿಯೂದನ್ನ ಟ್ರೇನಿಂಗ್ ಕೊಡೋರ ಕಡೆ ಕಲ್ತು ಹೋಗ್ರಿ ಅಂತ ಗಟ್ಟಿ ಹೇಳಬೇಕಿತ್ತು, ಹೇಳ್ಲಿಲ್ಲ. ಆದ್ರ ಒಂದ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಬೈಕ್ ಕಲಿಯೂ ಮುಂದ ಬಿದ್ದಿರಿಲ್ಲೋ? ಆವಾಗ ಮನ್ಯಾಗ ಕೂಡು ಅಂದ್ರೇನು?"

ಬಿದ್ದಿದ್ದೆ. ಮೊಣಕಾಲಿಗೆ ಹೊಲಿಗೆ ಹಾಕಿಸಿದವನು ಇದೇ ಚಿಕ್ಕಪ್ಪ. ಮಾರನೇ ದಿನವೇ ಮತ್ತೆ ಬೈಕ್ ಕೀ ಕೈಗೆ ಕೊಟ್ಟವನೂ ಅವನೇ.

ಆ ಮಾತಿನ ಎರಡೂ ಭಾಗವನ್ನ ನಾನು ಇಟ್ಟುಕೊಂಡಿದ್ದೇನೆ. ಮೊದಲನೆಯದು ಈ ಬಗೆಯ ನೆರವಿನ ಮಿತಿ. ನೋವು ಒಂದೇ ಆದ ಮಾತ್ರಕ್ಕೆ ದಾರಿ ಒಂದೇ ಆಗಲ್ಲ. "ಕಣ್ಣು ಕಾಣಲ್ಲ" ಅನ್ನೋ ಎರಡೇ ಪದದ ಹಿಂದೆ ಹತ್ತಾರು ಬೇರೆ ಕಾಯಿಲೆಗಳಿವೆ. ಚಿಕ್ಕಪ್ಪನ ಕಾಯಿಲೆಗೆ ಡ್ರಾಪ್ಸ್ ಪ್ರಯೋಜನ ಇಲ್ಲ. ಆದರೆ ಗ್ಲಾಕೋಮಾ ಇರುವವರಿಗೆ ಉಳಿದಿರುವ ದೃಷ್ಟಿ ಉಳಿಯೋದೇ ದಿನಾ ತಪ್ಪದೆ ಹಾಕುವ ಡ್ರಾಪ್ಸ್‌ನಿಂದ, ಹೋದದ್ದು ಮತ್ತೆ ಬರಲ್ಲ. ಅಲ್ಲಿ ಯಾರೋ ಸಮಾನದುಃಖಿ "ನಾನು ಡ್ರಾಪ್ಸ್ ಬಿಟ್ಟೆ, ಏನೂ ಆಗಿಲ್ಲ" ಅಂದರೆ ಅದು ನೆರವಲ್ಲ, ಕೇಡು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವರ ವಿಷಯದಲ್ಲೂ ಹಾಗೇ, ಬೇಗ ಲೇಸರ್ ಮಾಡಿಸಿದರೆ ಎಷ್ಟೋ ಉಳಿಯುತ್ತೆ. ಆದ್ದರಿಂದ ಇಂಥ ಕೆಲಸವನ್ನ ಚೆನ್ನಾಗಿ ಮಾಡುವ ಕಡೆ ಮಾತಾಡುವವರಿಗೂ ತರಬೇತಿ ಕೊಡುತ್ತಾರೆ. ಡಾಕ್ಟರ್ ಆಗಬೇಡ, ನಿನ್ನ ಕತೆಯನ್ನೇ ಅವರ ಮೇಲೆ ಹೇರಬೇಡ, ಕೇಳಿಸಿಕೊ, ನಿನ್ನ ಕೈ ಮೀರಿದ್ದನ್ನ ಗುರುತಿಸಿ ತಿಳಿದವರ ಹತ್ತಿರ ಕಳಿಸು. ಹೀರೋಗಳೂ ಬೇಕಾಗಿಲ್ಲ. 2001ರಲ್ಲಿ ಎರಿಕ್ ವೈಹನ್‌ಮೇಯರ್ ಕಣ್ಣಿಲ್ಲದೆ ಎವರೆಸ್ಟ್ ಹತ್ತಿದ್ದು ನಿಜ, ಆದರೆ ಬಚ್ಚಲಿಗೆ ಹೋಗೋಕೆ ಗೋಡೆ ಹುಡುಕುತ್ತಿರುವವನಿಗೆ ಆ ಕತೆ ಹೇಳಿದರೆ ಅವನು ಇನ್ನಷ್ಟು ಕುಗ್ಗಬಹುದು. ಅವನಿಗೆ ಬೇಕಾದ್ದು ಅವನಿಗಿಂತ ನಾಲ್ಕು ಹೆಜ್ಜೆ ಮುಂದಿರುವ, ಮೊನ್ನೆ ತಾನೇ ಅದೇ ಗೋಡೆ ಹುಡುಕಿದ ಒಬ್ಬ.

ಎರಡನೆಯದು ನನ್ನ ಬಗ್ಗೆ. ಚಿಕ್ಕಪ್ಪ ಬೀಳಬಾರದು ಅಂತ ನಾನು ಬಯಸಿದ್ದು ಯಾರಿಗೋಸ್ಕರ? ಅವನು ಬಿದ್ದರೆ ನನಗೆ ನೋವಾಗುತ್ತೆ, ಊರಿನವರು "ನೋಡಿಕೊಳ್ಳಲಿಲ್ಲ" ಅಂತಾರೆ, ರಜೆ ಹಾಕಿ ಓಡಬೇಕಾಗುತ್ತೆ. ಜಗುಲಿ ಮೇಲೆ ಕೂತೇ ಅವನು ದಿನಕ್ಕಿಷ್ಟು ಸಾಯುತ್ತಿದ್ದಾಗ ಯಾರೂ ನನ್ನನ್ನ ದೂರಲಿಲ್ಲ, ನಾನೂ ಕೂಗಾಡಲಿಲ್ಲ. ಮುರಿದ ಮಣಿಕಟ್ಟು ಕಾಣುತ್ತೆ, ಅದು ಕಾಣಲ್ಲ. ಕಣ್ಣಿದ್ದವರ ತೊಂದರೆಯೇ ಇದು ಅನ್ನಿಸುತ್ತೆ. ಬೀಳಲು ಬಿಡಬೇಕು ಅಂತ ನಾನು ಹೇಳ್ತಿಲ್ಲ. ಗುಂಡಿಗೆ ಅಡ್ಡ ಹಾಕಿಸುವ ಕೆಲಸ ನಮ್ಮದು, ಅವನನ್ನ ಮನೆಯಲ್ಲಿ ಕೂರಿಸುವ ಹಕ್ಕು ನಮ್ಮದಲ್ಲ. ಪಂಚಾಯ್ತಿಗೆ ಅರ್ಜಿ ಕೊಟ್ಟೆ. ಕೋಲಿನ ತರಬೇತಿಗೆ ಚಿಕ್ಕಪ್ಪನನ್ನ ಬೆಂಗಳೂರಿಗೆ ಕರೆಸಿ ಹದಿನೈದು ದಿನ ಇಟ್ಟುಕೊಂಡೆ.

ಆ ಹದಿನೈದು ದಿನದಲ್ಲಿ ಇನ್ನೊಂದು ಆಯ್ತು. ನಮ್ಮ ಕಂಪನಿಯ ಆಪ್ ಅವನ ಫೋನಲ್ಲಿ ಹಾಕಿಕೊಟ್ಟೆ, ಹೆಮ್ಮೆಯಿಂದ. ಟಾಕ್‌ಬ್ಯಾಕ್ ಹಾಕಿ ಬೆರಳಾಡಿಸಿದ. "ಬಟನ್, ಬಟನ್, ಬಟನ್" ಅಂತ ಫೋನ್ ಒದರಿತು. ಯಾವ ಬಟನ್ ಯಾವುದಕ್ಕೆ ಅಂತ ಹೆಸರೇ ಕೊಟ್ಟಿರಲಿಲ್ಲ. ಕೊಡಬೇಕು ಅಂತ ಒಂದು ಟಿಕೆಟ್ ಒಂದು ವರ್ಷದಿಂದ ಬ್ಯಾಕ್‌ಲಾಗ್‌ನಲ್ಲಿತ್ತು, ಅದಕ್ಕೆ ಲೋ ಪ್ರಯಾರಿಟಿ ಹಾಕಿದ್ದವನು ನಾನೇ. ಲಕ್ಷ ರೂಪಾಯಿ ಖರ್ಚು ಮಾಡಿ ಚಿಕ್ಕಪ್ಪನಿಗೆ ಸಾಮಾನು ತಂದುಕೊಟ್ಟಿದ್ದ ನಾನು, ನನ್ನ ದಿನನಿತ್ಯದ ಕೆಲಸದಲ್ಲಿ ಎರಡು ಗಂಟೆಯಲ್ಲಿ ಮಾಡಬಹುದಾಗಿದ್ದನ್ನ ಮಾಡಿರಲಿಲ್ಲ. "ಒಂದೊಂದಾಗಿ ಹೇಳು ಚಿಕ್ಕಪ್ಪ, ಎಲ್ಲೆಲ್ಲಿ ಸಿಕ್ಕಾಕ್ಕೊಳ್ತು ಅಂತ" ಅಂದೆ. ಮೂರು ಸಂಜೆ ಕೂತು ಇಪ್ಪತ್ತಮೂರು ತಪ್ಪು ಹಿಡಿದುಕೊಟ್ಟ. ನಾನು ಅವನಿಂದ ನಿಜವಾಗಿ ಏನಾದರೂ ತಗೊಂಡಿದ್ದು ಅದೇ ಮೊದಲು ಅನ್ನಿಸುತ್ತೆ. ಇದನ್ನ ಓದುತ್ತಿರುವ ನಿಮ್ಮಲ್ಲೂ ಅಂಥ ಟಿಕೆಟ್ ಇರುವವರು ಇರಬಹುದು. ನೋಡಿ.

ಕಣ್ಣಿದ್ದವರಾದ ನಾವೇನು ಮಾಡಬೇಕು ಅನ್ನೋ ಪ್ರಶ್ನೆಗೆ ನನಗೆ ಸಿಕ್ಕಿರುವ ಉತ್ತರ ಚಿಕ್ಕದು. ಮಾಸ್ತರರು ಮಾಡುವ ಕೆಲಸ ನಮ್ಮಿಂದಾಗಲ್ಲ, ಅದನ್ನ ಒಪ್ಪಿಕೊಂಡು ಅಂಥವರ ಹತ್ತಿರಕ್ಕೆ ದಾರಿ ಮಾಡಿಕೊಡಬೇಕು. ಆಸ್ಪತ್ರೆಯ ಕಾರಿಡಾರಲ್ಲೇ ಅಂಥ ಒಬ್ಬರು ಕೂತಿದ್ದಿದ್ದರೆ ಚಿಕ್ಕಪ್ಪನ ಎರಡು ವರ್ಷ ಉಳೀತಿತ್ತು. ಆಮೇಲೆ, ಕೊಟ್ಟದ್ದಕ್ಕೆ ಬದಲಾಗಿ ತಗೊಳ್ಳೋದನ್ನ ಕಲೀಬೇಕು. ನಮ್ಮಮ್ಮ ಆ ಅಜ್ಜಿಯ ಬಾಗಿಲಿಗೆ ಹೋಗಿ "ನನ್ನ ಕೂಸು ನೋಡ್ಕೊಳ್ಳೋರಿಲ್ಲ, ಬಾ" ಅಂದಮೇಲೇ ಅವಳ ಹೊಲಕ್ಕೆ ನಮ್ಮನ್ನ ಬಿಟ್ಟುಕೊಂಡಿದ್ದು. ಆ ಕೂಸು ನಾನೇ.

ಚಿಕ್ಕಪ್ಪನಿಗೆ ಈಗ ನಲವತ್ತೆಂಟು. ಮಧ್ಯದ ಚೂರೂ ಹೋಗಿದೆ, ಹಗಲು ರಾತ್ರಿ ಅಷ್ಟೇ ಗೊತ್ತಾಗುತ್ತೆ. ಹಸು ಅವನೇ ಕರೆಯುತ್ತಾನೆ, ಕಾಯಿ ಅವನೇ ಸುಲಿಯುತ್ತಾನೆ. ಮಾಸ್ತರರು ಇಬ್ಬರು ಹೊಸಬರ ನಂಬರ್ ಅವನಿಗೆ ಕೊಟ್ಟಿದ್ದಾರೆ. ಒಬ್ಬ ಇನ್ನೂ ಇಪ್ಪತ್ತೆರಡರ ಹುಡುಗ. ಕಳೆದ ಭಾನುವಾರ ಎಂದಿನ ಹಾಗೆ ಫೋನ್ ಮಾಡಿದೆ. ಬ್ಯುಸಿ ಬಂತು. ಮತ್ತೆ ಮಾಡಿದೆ. ಮೂರನೇ ಸಲಕ್ಕೆ ಎತ್ತಿ, "ಈಗಾಗಲ್ಲ ಕಣ್ಲಾ, ಹುಡುಗ ಲೈನಲ್ಲಿದಾನೆ. ಪಾಪ, ಗೋಡೆ ಮೇಲೆ ಏನೋ ಕಾಣ್ತದಂತೆ ಅವನಿಗೆ. ಆಮೇಲ್ ಮಾಡು" ಅಂದವನೇ ಕಟ್ ಮಾಡಿದ.